ಬಾಕಿ ಅಂದರೆ ಯಾವ ಬಾಕಿ? ಕ್ವೆರಿಯನ್ನು ಬಿಡಿ ತುಂಡುಗಳಿಂದ ಕಟ್ಟೋದು

ಡಿಸೆಂಬರ್ ಕೊನೆಯ ವಾರ. ಕಲಬುರಗಿಯ ಕೃಷಿ ಮಾರುಕಟ್ಟೆ, ಅಂದರೆ ಗಂಜ್‌ಗೆ ಹೊಸ ತೊಗರಿ ಬರಲು ಶುರುವಾಗಿತ್ತು. ನಾನು ಕೂರುವ ಕೋಣೆ ಇರೋದು ನಮ್ಮ ಕಾಕಾನ ಅಡತ್ (ದಲ್ಲಾಳಿ) ಅಂಗಡಿಯ ಮಾಳಿಗೆ ಮೇಲೆ. ಕೆಳಗೆ ಹಮಾಲರು ಚೀಲ ಇಳಿಸಿದರೆ ಮೇಲೆ ನನ್ನ ಕೀಬೋರ್ಡ್ ತುಂಬಾ ದೂಳು. ಅಂಥದ್ದೊಂದು ಮಧ್ಯಾಹ್ನ ಕಾಕಾ ಎರಡು ಪ್ರಿಂಟ್ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು.

"ಯವ್ವಾ, ಇದ್ರಾಗ ರೈತರ ಬಾಕಿ 4,12,600 ಅದ. ಇದ್ರಾಗ 4,31,000 ಅದ. ಎರಡೂ ನಿಂದೇ ಕಂಪ್ಯೂಟರ್ ಕೊಟ್ಟದ್ದು. ನಾ ಯಾವ್ದಕ್ಕ ದುಡ್ಡು ಎಣಸ್ಲಿ?"

ವ್ಯತ್ಯಾಸ 18,400. ಸಾಫ್ಟ್‌ವೇರ್ ಬರೆದವಳು ನಾನೇ, ಬೇರೆಯವರ ತಲೆಗೆ ಕಟ್ಟುವ ಹಾಗಿಲ್ಲ. ಅರ್ಧ ಗಂಟೆ ಹುಡುಕಿದ ಮೇಲೆ ಸಿಕ್ಕಿತು. ಜೇವರ್ಗಿ ಕಡೆಯ ಒಬ್ಬ ರೈತರ ಪಟ್ಟಿ (ಮಾಲಿನ ಬಿಲ್) ರದ್ದಾಗಿತ್ತು. ತೇವ ಜಾಸ್ತಿ ಅಂತ ಖರೀದಿದಾರ ಮಾಲು ಬಿಟ್ಟಿದ್ದ. ರದ್ದಾದ ಪಟ್ಟಿಯನ್ನು ಬಾಕಿಯಲ್ಲಿ ಹಿಡಿಯಬಾರದು ಅನ್ನೋ ನಿಯಮವನ್ನು ನಾನು ಎರಡು ರಿಪೋರ್ಟಿನಲ್ಲಿ ಹಾಕಿದ್ದೆ, ಮೂರನೆಯದರಲ್ಲಿ ಮರೆತಿದ್ದೆ. ಯಾಕೆ ಮರೆತೆ? "ಬಾಕಿ" ಅನ್ನೋ ಷರತ್ತನ್ನು ಮೂರು ಕಡೆ ಕಾಪಿ ಮಾಡಿ ಅಂಟಿಸಿದ್ದೆ, ಅದಕ್ಕೆ.

ಎರಡು ದಿನ ಬಿಟ್ಟು ಎಳ್ಳು ಅಮಾವಾಸ್ಯೆ. ಗಂಜ್ ಖಾಲಿ. ಊರಿಗೆ ಊರೇ ಚರಗ ಚೆಲ್ಲಲು ಹೊಲಕ್ಕೆ ಹೋಗಿತ್ತು. ನಾನು ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ ಕಟ್ಟಿಸಿಕೊಂಡು ಬಂದು ಕೋಡ್ ತೆರೆದು ಕೂತೆ. ಅವತ್ತು ಮಾಡಿದ್ದು, ಆಮೇಲೆ ಕೆಟ್ಟು ಮತ್ತೆ ಸರಿ ಮಾಡಿದ್ದು, ಎಲ್ಲ ಇಲ್ಲಿ ಬರೆಯುತ್ತೇನೆ. ಡೇಟಾಬೇಸಿಗೆ ಕೇಳುವ ಪ್ರಶ್ನೆಯೇ ಕ್ವೆರಿ. ಅದರ ಷರತ್ತುಗಳನ್ನು ಹೆಸರಿಟ್ಟ ತುಂಡುಗಳಾಗಿ ಒಂದೇ ಕಡೆ ಬರೆದು, ಬೇಕಾದಲ್ಲಿ ಜೋಡಿಸೋದು ಇಲ್ಲಿನ ವಿಚಾರ.

ನಾನು ಬಳಸೋದು ಪೈಥಾನ್ ಭಾಷೆ ಮತ್ತು ಅದರಲ್ಲಿ ವೆಬ್ ಸಾಫ್ಟ್‌ವೇರ್ ಕಟ್ಟಲು ಇರುವ ಜ್ಯಾಂಗೋ. ರೈಲ್ಸ್, ಲಾರಾವೆಲ್ ಬಳಸುವವರಿಗೆ ಇದೇ ವಿಚಾರ "ಸ್ಕೋಪ್" ಅನ್ನೋ ಹೆಸರಲ್ಲಿ ಗೊತ್ತಿರುತ್ತದೆ. ಕೋಡನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಫಿಲ್ಟರ್, ರಿಟರ್ನ್ ಇಂಥವನ್ನು ನೀವು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿಕೊಳ್ಳಬೇಕು. ಬಾಕಿ, ಪಟ್ಟಿ ಅಂತ ನಾವೇ ಇಡುವ ಹೆಸರುಗಳನ್ನು ಪೈಥಾನ್ 3 ಕನ್ನಡ ಲಿಪಿಯಲ್ಲೂ ಒಪ್ಪುತ್ತದೆ. ಒಂದು ವಾರ ಹಾಗೆ ಬರೆದೂ ನೋಡಿದೆ. ಕೀಬೋರ್ಡ್ ಬದಲಿಸಿ ಬದಲಿಸಿ ಬೆರಳು ಸೋತು ಹೋಯಿತು.

ಮೊದಲು ಮುನೀಮರ ಹತ್ತಿರ ಕೂರಿ

ಕೋಡ್ ಮುಟ್ಟುವ ಮೊದಲು ಒಂದು ಕಾಗದ ತಗೊಳ್ಳಿ. ನಿಮ್ಮ ಸಾಫ್ಟ್‌ವೇರ್ ಬಳಸುವವರು ದಿನಾ ಆಡುವ ಮಾತುಗಳನ್ನು ಬರೆದುಕೊಳ್ಳಿ. ಅಂಗಡಿಯ ಲೆಕ್ಕ ಬರೆಯುವ ನಮ್ಮ ಮುನೀಮರು 30 ವರ್ಷದಿಂದ ಇದೇ ಗಾದಿ ಮೇಲೆ ಕೂತವರು. ಅವರ ಬಾಯಿಂದ ಬಂದದ್ದು ಇಷ್ಟು: ಚಾಲ್ತಿ ಪಟ್ಟಿ, ಬಾಕಿ, ಹಳೇ ಬಾಕಿ, ಈ ಹಂಗಾಮು, ಉಚಂತಿ.

ಚಾಲ್ತಿ ಅಂದರೆ ರದ್ದಾಗದ ಪಟ್ಟಿ. ಬಾಕಿ ಅಂದರೆ ಚಾಲ್ತಿ ಪಟ್ಟಿಯ ಮೊತ್ತದಲ್ಲಿ ರೈತರಿಗೆ ಇನ್ನೂ ಕೊಡಬೇಕಾದದ್ದು. ಹಳೇ ಬಾಕಿ ಅಂದರೆ 15 ದಿನ ದಾಟಿದ್ದು. ಆದರೆ ಮದುವೆ, ಆಸ್ಪತ್ರೆ ಅಂತ ರೈತರು ಹೇಳಿದ್ದರೆ ಅದು "ತುರ್ತು", 15 ದಿನ ಕಾಯದೆ ಅದೂ ಹಳೇ ಬಾಕಿಗೆ ಸೇರುತ್ತದೆ. ಉಚಂತಿ ಅಂದರೆ ಸಣ್ಣ ಕೈಗಡ. ಅದಕ್ಕೆ ಬೇರೆ ಪುಸ್ತಕ, ಬಾಕಿಗೆ ಬೆರೆಸುವಂತಿಲ್ಲ. ನಾನು ಒಮ್ಮೆ ಬೆರೆಸಿ ಬೈಸಿಕೊಂಡಿದ್ದೇನೆ.

ನನ್ನ ಅಳತೆ ಇಷ್ಟೇ. ಮುನೀಮರ ಬಾಯಲ್ಲಿ ಹೆಸರಿರುವ ಷರತ್ತಿಗೆ ಕೋಡಿನಲ್ಲೂ ಅದೇ ಹೆಸರಿನ ಒಂದು ತುಂಡು ಇರಬೇಕು, ಒಂದೇ ಜಾಗದಲ್ಲಿ. ಅವರ ಬಾಯಲ್ಲಿ ಹೆಸರಿಲ್ಲದ ಷರತ್ತಿಗೆ ತುಂಡು ಮಾಡೋದು ಬೇಡ, ಅಲ್ಲೇ ಒಂದು ಫಿಲ್ಟರ್ ಬರೆದು ಬಿಡಿ. ಈ ಎರಡನೇ ಮಾತು ಕಲಿಯಲು ನನಗೆ ಜಾಸ್ತಿ ದಿನ ಹಿಡಿಯಿತು. ಶುರುವಿನ ಹುರುಪಿನಲ್ಲಿ ಪ್ರತಿ ಕಾಲಮ್ಮಿಗೂ ಒಂದೊಂದು ಕ್ಲಾಸ್ ಮಾಡಿದ್ದೆ, ಒಟ್ಟು ಹನ್ನೊಂದು. ಎರಡು ತಿಂಗಳಾದ ಮೇಲೆ ಅವನ್ನು ಓದಿದರೆ ನನಗೇ ಅರ್ಥವಾಗಲಿಲ್ಲ. ಎಲ್ಲ ಅಳಿಸಿದೆ.

ದಾರದಿಂದ ಹೊಲಿದ ಕ್ವೆರಿ

ಹಳೆಯ ಕೋಡ್ ಹೀಗಿತ್ತು, ಅಕ್ಷರದ ತುಂಡುಗಳನ್ನು (ಸ್ಟ್ರಿಂಗ್) ಒಂದಕ್ಕೊಂದು ಹೊಲಿದದ್ದು:

```
ಕ್ವೆರಿ = "ಸೆಲೆಕ್ಟ್ * ಫ್ರಮ್ ಪಟ್ಟಿ ವೇರ್ 1=1"
ಇಫ್ ತಾಲೂಕು:
    ಕ್ವೆರಿ += " ಅಂಡ್ ತಾಲೂಕು = '" + ತಾಲೂಕು + "'"
ಇಫ್ ಬಾಕಿ_ಮಾತ್ರ:
    ಕ್ವೆರಿ += " ಅಂಡ್ ಮೊತ್ತ > ಕೊಟ್ಟದ್ದು"
```

ಆ 1=1 ಯಾಕೆ ಗೊತ್ತಲ್ವಾ? ಮುಂದಿನ ತುಂಡುಗಳೆಲ್ಲ "ಅಂಡ್" ಅಂತ ಶುರುವಾಗಲಿ ಅಂತ. ಎಸ್‌ಕ್ಯೂಎಲ್ ಅನ್ನು (ಕ್ವೆರಿ ಬರೆಯುವ ಭಾಷೆ) 1974ರಲ್ಲಿ ಐಬಿಎಂನ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ರೂಪಿಸಿದ್ದು, ಜನ ಅದನ್ನು ಮಾತಿನ ಹಾಗೆ ಓದಿ ಬರೆಯಲಿ ಅಂತ. ಓದಲು ನಿಜಕ್ಕೂ ಚೆಂದ. ಆದರೆ ವಾಕ್ಯವನ್ನು ಕತ್ತರಿಸಿ ಮತ್ತೆ ಜೋಡಿಸಲು ಹೋದರೆ ವ್ಯಾಕರಣ ಕೆಡುತ್ತದೆ. ಎಲ್ಲೋ ಒಂದು ಜಾಗ ಬಿಟ್ಟಿಲ್ಲ, ಎಲ್ಲೋ "ಆರ್" ಸುತ್ತ ಕಂಸ ಇಲ್ಲ, ಅಷ್ಟಕ್ಕೇ ಲೆಕ್ಕ ತಲೆಕೆಳಗು. ಯಾರಾದರೂ ಹೆಸರಿನ ಜಾಗದಲ್ಲಿ ಒಂಟಿ ಉದ್ಧರಣ ಚಿಹ್ನೆ ಟೈಪ್ ಮಾಡಿದರೆ ಕ್ವೆರಿ ಮುರಿಯುತ್ತದೆ. ಬೇಕಂತಲೇ ಟೈಪ್ ಮಾಡುವವರು ನಿಮ್ಮ ಟೇಬಲ್ಲನ್ನೇ ಅಳಿಸಬಹುದು. ಬಳಸುವವರು ಟೈಪ್ ಮಾಡಿದ್ದು ಯಾವತ್ತೂ ಕ್ವೆರಿಯ ಅಕ್ಷರಗಳ ಜೊತೆ ಬೆರೆಯಬಾರದು, ಪ್ಯಾರಾಮೀಟರ್ ಆಗಿ ಬೇರೆಯಾಗೇ ಹೋಗಬೇಕು. ಕೆಳಗಿನ ವಿಧಾನದಲ್ಲಿ ಅದು ತಾನಾಗೇ ಆಗುತ್ತದೆ.

ಕ್ವೆರಿಸೆಟ್ ಅಂದರೆ ಚೀಟಿ

ಕಾಕಾ ಗೋದಾಮಿಗೆ ಚೀಟಿ ಬರೆಯುತ್ತಾರೆ: "ತೊಗರಿ. ಆಳಂದದ್ದು. ಹತ್ತು ಚೀಲ." ಚೀಟಿ ಬರೆಯುವಾಗ ಒಂದು ಚೀಲವೂ ಅಲುಗೋದಿಲ್ಲ. ಹಮಾಲರ ಕೈಗೆ ಕೊಟ್ಟಾಗಲೇ ಮಾಲು ಹೊರಡೋದು. ಜ್ಯಾಂಗೋದ ಕ್ವೆರಿಸೆಟ್ಟೂ ಅಂಥದ್ದೇ ಚೀಟಿ. ನೀವು ಎಷ್ಟು ಫಿಲ್ಟರ್ ಹಚ್ಚಿದರೂ ಡೇಟಾಬೇಸಿಗೆ ಏನೂ ಹೋಗಿರುವುದಿಲ್ಲ. ಲೂಪ್ ಹಾಕಿದಾಗ, ಎಣಿಸಿದಾಗ, ಪ್ರಿಂಟ್ ಕೊಟ್ಟಾಗ ಮಾತ್ರ ಹೋಗುತ್ತದೆ.

ಇನ್ನೊಂದು ಗುಣ. ಪ್ರತಿ ಫಿಲ್ಟರ್ ಹಳೇ ಚೀಟಿಯನ್ನು ತಿದ್ದುವುದಿಲ್ಲ, ಹಳೆಯದನ್ನು ನಕಲು ಮಾಡಿ ಒಂದು ಸಾಲು ಸೇರಿಸಿದ ಹೊಸ ಚೀಟಿ ಕೊಡುತ್ತದೆ. ಹಾಗಾಗಿ ಒಂದೇ ಮೂಲ ಚೀಟಿಯಿಂದ ಐದು ರಿಪೋರ್ಟ್ ಧೈರ್ಯವಾಗಿ ಹೊರಡಿಸಬಹುದು. ಹೊಸಬರು ಎಡವೋದೂ ಇಲ್ಲೇ. ಸುಮ್ನೆ "ಪಟ್ಟಿಗಳು.ಫಿಲ್ಟರ್(...)" ಅಂತ ಬರೆದು ಮುಂದೆ ಹೋದರೆ ಹೊಸ ಚೀಟಿ ಕಸದ ಬುಟ್ಟಿಗೆ. ಬಂದದ್ದನ್ನು ಒಂದು ಹೆಸರಿನಲ್ಲಿ ಹಿಡಿದುಕೊಳ್ಳಬೇಕು.

ಈಗ ಮುನೀಮರ ಮಾತುಗಳನ್ನು ಚೀಟಿಗೆ ಕಲಿಸೋಣ:

```
ಕ್ಲಾಸ್ ಪಟ್ಟಿಕ್ವೆರಿಸೆಟ್(ಮಾಡೆಲ್ಸ್.ಕ್ವೆರಿಸೆಟ್):

    ಡೆಫ್ ಚಾಲ್ತಿ(ಸೆಲ್ಫ್):
        ರಿಟರ್ನ್ ಸೆಲ್ಫ್.ಫಿಲ್ಟರ್(ರದ್ದು=ಫಾಲ್ಸ್)

    ಡೆಫ್ ಹಂಗಾಮಿನ(ಸೆಲ್ಫ್, ಹಂಗಾಮು):
        ರಿಟರ್ನ್ ಸೆಲ್ಫ್.ಫಿಲ್ಟರ್(
            ದಿನಾಂಕ__ಜಿಟಿಇ=ಹಂಗಾಮು.ಶುರು,
            ದಿನಾಂಕ__ಎಲ್‌ಟಿ=ಹಂಗಾಮು.ಮುಂದಿನ_ಶುರು)

    ಡೆಫ್ ಬಾಕಿ_ಇರುವ(ಸೆಲ್ಫ್):
        ರಿಟರ್ನ್ (ಸೆಲ್ಫ್.ಚಾಲ್ತಿ()
                 .ಉಳಿಕೆ_ಸಹಿತ()
                 .ಫಿಲ್ಟರ್(ಉಳಿಕೆ__ಜಿಟಿ=0))
```

ಪಟ್ಟಿಯ ಟೇಬಲ್ಲನ್ನು ಕೋಡಿನಲ್ಲಿ ವಿವರಿಸುವ ಮಾಡೆಲ್ಲಿನಲ್ಲಿ "ಆಬ್ಜೆಕ್ಟ್ಸ್ = ಪಟ್ಟಿಕ್ವೆರಿಸೆಟ್.ಆ್ಯಸ್_ಮ್ಯಾನೇಜರ್()" ಅಂತ ಒಂದು ಸಾಲು ಬರೆದರೆ ಮುಗಿಯಿತು. ಬಾಕಿ_ಇರುವ ಹೇಗಿದೆ ನೋಡಿ (ಅದರೊಳಗಿನ ಉಳಿಕೆ_ಸಹಿತ ಮುಂದೆ ಬರುತ್ತದೆ). ರದ್ದಿನ ವಿಷಯ ಅದು ತಾನೇ ತಲೆಗೆ ಹಚ್ಚಿಕೊಂಡಿಲ್ಲ, ಚಾಲ್ತಿಯನ್ನು ಕೇಳುತ್ತದೆ. ನಾಳೆ ಕಾಕಾ "ತಕರಾರಿನಾಗ ಇದ್ದ ಪಟ್ಟಿನೂ ಬಿಡು" ಅಂದರೆ ನಾನು ತಿದ್ದೋದು ಚಾಲ್ತಿಯ ಒಂದೇ ಸಾಲು. ಬಾಕಿ, ಹಳೇ ಬಾಕಿ, ದಿನದ ಲೆಕ್ಕ ಎಲ್ಲ ತಾವಾಗೇ ಸರಿ ಹೋಗುತ್ತವೆ. ಆ 18,400 ಮತ್ತೆ ಹುಟ್ಟಲು ಜಾಗವೇ ಇಲ್ಲ.

ಹಂಗಾಮಿನ ಬಗ್ಗೆ ಒಂದು ಮಾತು. ತೊಗರಿ ಬಿತ್ತೋದು ಜೂನ್, ಜುಲೈನಲ್ಲಿ. ಕಟಾವು ಡಿಸೆಂಬರ್, ಜನವರಿಯಲ್ಲಿ. ಅಂದರೆ ಒಂದೇ ಬೆಳೆಯ ಮಾಲು ಎರಡು ಕ್ಯಾಲೆಂಡರ್ ವರ್ಷದಲ್ಲಿ ಹಂಚಿಹೋಗುತ್ತದೆ. "ವರ್ಷ=2024" ಅಂತ ಫಿಲ್ಟರ್ ಹಾಕಿದರೆ ಹಂಗಾಮು ನಡುವೆ ಸೀಳುತ್ತದೆ. ಸರ್ಕಾರದ ವರ್ಷ ಏಪ್ರಿಲ್‌ನಿಂದ. ಕಾಕಾನ ವರ್ಷ ದೀಪಾವಳಿ ಪಾಡ್ಯದಿಂದ, ಅದೂ ಪ್ರತಿ ವರ್ಷ ಬೇರೆ ತಾರೀಖಿಗೆ. ಅದಕ್ಕೇ ಹಂಗಾಮು ಅಂತ ಒಂದು ಸಣ್ಣ ಟೇಬಲ್ ಇಟ್ಟು, ಶುರುವಿನ ದಿನವನ್ನು ಮುನೀಮರೇ ತುಂಬುವ ಹಾಗೆ ಮಾಡಿದೆ. ಕೊನೆಯ ದಿನ ಅಂತ ಇಡಲಿಲ್ಲ, ಮುಂದಿನ ಹಂಗಾಮಿನ ಶುರು ಇಟ್ಟೆ. ಶುರುವಿನ ದಿನ ಒಳಗೆ (ಜಿಟಿಇ), ಮುಂದಿನ ಶುರು ಹೊರಗೆ (ಎಲ್‌ಟಿ). ಹೀಗಿದ್ದರೆ ಒಂದು ದಿನವೂ ಎರಡು ಕಡೆ ಸೇರುವುದಿಲ್ಲ, ಯಾವುದೂ ನಡುವೆ ಬಿದ್ದು ಹೋಗುವುದಿಲ್ಲ.

ಉಳಿಕೆ: ನಾನು ಜಾಸ್ತಿ ಒದ್ದಾಡಿದ ಜಾಗ

ಒಂದು ಪಟ್ಟಿಗೆ ಹಲವು ಪಾವತಿ ಇರುತ್ತವೆ, ಹಲವು ತೂಕದ ಸಾಲುಗಳೂ ಇರುತ್ತವೆ. ಪಟ್ಟಿಯ ಮೊತ್ತದಲ್ಲಿ ಪಾವತಿಗಳ ಒಟ್ಟು ಕಳೆದರೆ ಉಳಿಕೆ. ಸುಲಭ ಅನ್ನಿಸುತ್ತದೆ. ನಾನು ಮೊದಲು ಬರೆದದ್ದು ಸೀದಾ ಆನೊಟೇಟ್ (ಪ್ರತಿ ಸಾಲಿಗೂ ಲೆಕ್ಕದ ಒಂದು ಕಾಲಮ್ ಸೇರಿಸೋದು): ಒಟ್ಟು ತೂಕ = ಸಮ್("ತೂಕ__ಕೆಜಿ"), ಕೊಟ್ಟದ್ದು = ಸಮ್("ಪಾವತಿ__ಹಣ").

ಚಿತ್ತಾಪುರದ ಒಬ್ಬರ ಪಟ್ಟಿ ಇತ್ತು. ಮೂರು ಸಲ ಕಾಟಾ (ತೂಕ) ಆಗಿತ್ತು. ಪಾವತಿ ಎರಡು: 20,000 ಮತ್ತು 15,000. ಒಟ್ಟು 35,000 ಬರಬೇಕು. ತೆರೆಯ ಮೇಲೆ 1,05,000. ಏನಾಯಿತು ಅಂದರೆ, ಎರಡು ಟೇಬಲ್ಲನ್ನು ಒಟ್ಟಿಗೆ ಜಾಯಿನ್ ಮಾಡಿದಾಗ ಮೂರು ತೂಕ, ಎರಡು ಪಾವತಿ ಗುಣಿಸಿ ಆರು ಸಾಲು ಹುಟ್ಟಿದವು. ಪ್ರತಿ ಪಾವತಿ ಮೂರು ಸಲ ಎಣಿಕೆಯಾಯಿತು. ತೂಕವೂ ಎರಡರಷ್ಟಾಯಿತು.

ಇಂಟರ್ನೆಟ್ ಹುಡುಕಿದರೆ "ಡಿಸ್ಟಿಂಕ್ಟ್=ಟ್ರೂ ಹಾಕಿ" ಅನ್ನೋ ಸಲಹೆ ಸಿಗುತ್ತದೆ. ಎಣಿಸುವಾಗ ಅದು ಸರಿ. ಹಣ ಕೂಡಿಸುವಾಗ ಹಾಕಬೇಡಿ. ಅದು ಬೇರೆ ಬೇರೆ ಸಾಲು ಯಾವುದು ಅಂತ ನೋಡುವುದಿಲ್ಲ, ಬೇರೆ ಬೇರೆ ಬೆಲೆ ಯಾವುದು ಅಂತ ನೋಡುತ್ತದೆ. ರೈತರಿಗೆ 20,000 ಎರಡು ಸಲ ಕೊಟ್ಟಿದ್ದರೆ ಒಂದನ್ನು ನುಂಗಿಬಿಡುತ್ತದೆ. ದುಂಡು ಮೊತ್ತ ಕೊಡೋದೇ ಅಂಗಡಿಯ ರೂಢಿ, ಹಾಗಾಗಿ ಇದು ದಿನಾ ಆಗುವ ತಪ್ಪು.

ಸರಿಯಾದ ದಾರಿ ಅಂದರೆ ಪಾವತಿಯ ಒಟ್ಟನ್ನು ಕ್ವೆರಿಯೊಳಗಿನ ಇನ್ನೊಂದು ಕ್ವೆರಿಯಲ್ಲಿ, ಅಂದರೆ ಬೇರೆ ಸಬ್‌ಕ್ವೆರಿಯಲ್ಲಿ ಕೂಡಿಸಿ ತರೋದು:

```
ಡೆಫ್ ಪಾವತಿ_ಒಟ್ಟು():
    ರಿಟರ್ನ್ ಸಬ್‌ಕ್ವೆರಿ(
        ಪಾವತಿ.ಆಬ್ಜೆಕ್ಟ್ಸ್
        .ಫಿಲ್ಟರ್(ಪಟ್ಟಿ=ಔಟರ್‌ರೆಫ್("ಪಿಕೆ"))
        .ಆರ್ಡರ್_ಬೈ()
        .ವ್ಯಾಲ್ಯೂಸ್("ಪಟ್ಟಿ")
        .ಆನೊಟೇಟ್(ಒಟ್ಟು=ಸಮ್("ಹಣ"))
        .ವ್ಯಾಲ್ಯೂಸ್("ಒಟ್ಟು"))
```

ಔಟರ್‌ರೆಫ್ ಅಂದರೆ "ಹೊರಗಿನ ಪಟ್ಟಿ ಯಾವುದೋ ಅದು" ಅಂತ. ಖಾಲಿ ಆರ್ಡರ್_ಬೈ ಯಾಕೆ ಅಂದರೆ, ಮಾಡೆಲ್ಲಿಗೆ ಮೊದಲೇ ಇರುವ ವಿಂಗಡಣೆ ಇಲ್ಲಿ ಬೇಡ ಅಂತ. ಜ್ಯಾಂಗೋ 3.1ಕ್ಕಿಂತ ಹಳೆಯದರಲ್ಲಿ ಅದು ಗುಂಪು ಮಾಡುವುದರಲ್ಲೂ ಮೂಗು ತೂರಿಸುತ್ತಿತ್ತು. ತೂಕಕ್ಕೂ ಇದೇ ಅಚ್ಚಿನ ಇನ್ನೊಂದು. ಎರಡೂ ಪಕ್ಕ ಪಕ್ಕ ಕೂತರೂ ಒಂದನ್ನೊಂದು ಗುಣಿಸುವುದಿಲ್ಲ.

ಇದನ್ನು ಹಾಕಿ ಖುಷಿಯಿಂದ ಕೆಳಗೆ ಪ್ರಿಂಟ್ ಕಳಿಸಿದೆ. ಹತ್ತು ನಿಮಿಷಕ್ಕೆ ಮುನೀಮರ ಕೂಗು. "ತಂಗಿ, ನಿನ್ನೆ ಮಾಲು ತಂದವರು ಒಬ್ಬರೂ ಇದ್ರಾಗ ಇಲ್ಲಲ್ಲ. ಅವರಿಗೆ ಒಂದ್ ಪೈಸಾನೂ ಕೊಟ್ಟಿಲ್ಲ ನಾವು."

ನಿಜ. ಪೂರ್ತಿ ಬಾಕಿ ಇರುವವರೇ ಬಾಕಿ ಪಟ್ಟಿಯಿಂದ ಮಾಯ! ಒಂದೂ ಪಾವತಿ ಇಲ್ಲದಿದ್ದರೆ ಸಬ್‌ಕ್ವೆರಿ ಸೊನ್ನೆ ಕೊಡುವುದಿಲ್ಲ, ನಲ್ (ಬೆಲೆಯೇ ಇಲ್ಲ) ಕೊಡುತ್ತದೆ. ಮೊತ್ತದಲ್ಲಿ ನಲ್ ಕಳೆದರೆ ನಲ್. ನಲ್ ಸೊನ್ನೆಗಿಂತ ದೊಡ್ಡದೇ ಅಂತ ಕೇಳಿದರೆ ಡೇಟಾಬೇಸ್ ಹೌದು ಅನ್ನುವುದಿಲ್ಲ, ಇಲ್ಲ ಅಂತಲೂ ಅನ್ನುವುದಿಲ್ಲ. ವೇರ್ ಷರತ್ತು ಹೌದು ಅಂದವರನ್ನು ಮಾತ್ರ ಒಳಗೆ ಬಿಡುತ್ತದೆ. ಹೀಗಾಗಿ ಅರ್ಧ ಹಣ ಪಡೆದವರು ಒಳಗೆ, ಏನೂ ಪಡೆಯದವರು ಹೊರಗೆ. ಮದ್ದು ಕೊಅಲೆಸ್, ನಲ್ ಬಂದರೆ ಅದರ ಜಾಗಕ್ಕೆ ಸೊನ್ನೆ ಇಡುತ್ತದೆ:

```
    ಡೆಫ್ ಉಳಿಕೆ_ಸಹಿತ(ಸೆಲ್ಫ್):
        ರಿಟರ್ನ್ ಸೆಲ್ಫ್.ಆನೊಟೇಟ್(
            ಕೊಟ್ಟದ್ದು=ಕೊಅಲೆಸ್(
                ಪಾವತಿ_ಒಟ್ಟು(), ವ್ಯಾಲ್ಯೂ(0),
                ಔಟ್‌ಪುಟ್_ಫೀಲ್ಡ್=ಡೆಸಿಮಲ್‌ಫೀಲ್ಡ್())
        ).ಆನೊಟೇಟ್(
            ಉಳಿಕೆ=ಎಫ್("ಮೊತ್ತ") - ಎಫ್("ಕೊಟ್ಟದ್ದು"))
```

ಔಟ್‌ಪುಟ್_ಫೀಲ್ಡ್ ಬಿಟ್ಟರೆ ಡೆಸಿಮಲ್, ಪೂರ್ಣಾಂಕ ಬೆರೆತಿವೆ ಅಂತ ಜ್ಯಾಂಗೋ ತಕರಾರು ತೆಗೆಯುತ್ತದೆ. ದುಡ್ಡಿಗೆ ಡೆಸಿಮಲ್ಲೇ ಇರಲಿ, ಫ್ಲೋಟ್ ಬೇಡ. ಫ್ಲೋಟಿನಲ್ಲಿ ಪೈಸೆ ಜಾರುತ್ತದೆ, ಮತ್ತೆ ಉಳಿಕೆ ಸೊನ್ನೆಗಿಂತ ಕೂದಲೆಳೆಯಷ್ಟು ಜಾಸ್ತಿಯಾಗಿ, ಪೂರ್ತಿ ಚುಕ್ತಾ ಆದವರೂ ಬಾಕಿಯಲ್ಲಿ ಕಾಣುತ್ತಾರೆ.

ಈ ಇಡೀ ಒದ್ದಾಟ ಒಂದೇ ತುಂಡಿನೊಳಗೆ ಮುಗಿಯಿತು ಅನ್ನೋದೇ ನನಗೆ ಸಿಕ್ಕ ಲಾಭ. ಮೂರು ರಿಪೋರ್ಟಿನಲ್ಲಿ ಮೂರು ಸಲ ಒದ್ದಾಡಬೇಕಾಗಲಿಲ್ಲ.

ಕ್ಯೂ: ಅದು ಅಥವಾ ಇದು

ಫಿಲ್ಟರ್ ಮೇಲೆ ಫಿಲ್ಟರ್ ಹಚ್ಚಿದರೆ "ಇದೂ ಇರಬೇಕು, ಅದೂ ಇರಬೇಕು" ಅಂತಾಗುತ್ತದೆ. "ಇದಾದರೂ ಇರಲಿ, ಅದಾದರೂ ಇರಲಿ" ಅನ್ನಲು ಕ್ಯೂ ಆಬ್ಜೆಕ್ಟ್ ಬೇಕು. ಹಳೇ ಬಾಕಿಗೆ ನಾನು ಮೊದಲು ಫೈಲಿನ ತಲೆಯಲ್ಲಿ ಹೀಗೆ ಬರೆದೆ:

```
ಹಳೇದು = ಕ್ಯೂ(ದಿನಾಂಕ__ಎಲ್‌ಟಿ=ಇಂದು() - ದಿನಗಳು(15)) | ಕ್ಯೂ(ತುರ್ತು=ಟ್ರೂ)
```

ಚಿಕ್ಕದಾಗಿದೆ, ಎಲ್ಲಿ ಬೇಕಾದರೂ ಬಳಸಬಹುದು. ನನ್ನ ಲ್ಯಾಪ್‌ಟಾಪಿನಲ್ಲಿ ಯಾವತ್ತೂ ಸರಿಯಾಗೇ ಬಂತು. ಅಂಗಡಿಯ ಕಂಪ್ಯೂಟರಿಗೆ ಸೋಮವಾರ ಹಾಕಿದೆ. ಶುಕ್ರವಾರ ಮುನೀಮರು ಕನ್ನಡಕ ಮೇಲೆತ್ತಿ ಅಂದರು: "ನಾಕ್ ದಿನದಿಂದ ಇವೇ ಹನ್ನೊಂದು ಮಂದಿ ಅದಾರ. ಬ್ಯಾರೆ ಯಾರೂ ಹಳಬರ ಆಗವಲ್ರಲ್ಲ, ತಂಗಿ?"

ಆ ಸಾಲು ಓಡೋದು ಸರ್ವರ್ ಎದ್ದಾಗ ಒಂದೇ ಸಲ. "ಇಂದು" ಅನ್ನೋದು ಸೋಮವಾರಕ್ಕೇ ಅಂಟಿಕೊಂಡು ನಿಂತಿತ್ತು. ನನ್ನ ಲ್ಯಾಪ್‌ಟಾಪಿನಲ್ಲಿ ಫೈಲ್ ಉಳಿಸಿದಾಗಲೆಲ್ಲ ಸರ್ವರ್ ಮತ್ತೆ ಏಳುತ್ತದೆ, ಅದಕ್ಕೇ ಅಲ್ಲಿ ರೋಗ ಕಾಣಲಿಲ್ಲ. ದಿನಾಂಕ ಇರುವ ತುಂಡನ್ನು ಯಾವಾಗಲೂ ಫಂಕ್ಷನ್ ಮಾಡಿ, ಕೇಳಿದಾಗ ಹೊಸದಾಗಿ ಕಟ್ಟಲಿ:

```
ಡೆಫ್ ಹಳೇದು(ಇವತ್ತು=ನನ್):
    ಇವತ್ತು = ಇವತ್ತು ಆರ್ ಟೈಮ್‌ಝೋನ್.ಲೋಕಲ್‌ಡೇಟ್()
    ರಿಟರ್ನ್ (ಕ್ಯೂ(ದಿನಾಂಕ__ಎಲ್‌ಟಿ=ಇವತ್ತು - ದಿನಗಳು(15))
            | ಕ್ಯೂ(ತುರ್ತು=ಟ್ರೂ))
```

ಇವತ್ತು ಅನ್ನೋದನ್ನು ಹೊರಗಿನಿಂದ ಕೊಡಲು ಬಿಟ್ಟದ್ದು ಪರೀಕ್ಷೆಗೆ ಅನುಕೂಲ ಅಂತ. ಲೋಕಲ್‌ಡೇಟ್ ಅಂತಲೇ ಬರೆಯಿರಿ. ಸರ್ವರಿನ ಒಳಗೆ ಹೊತ್ತು ಯುಟಿಸಿಯಲ್ಲಿ (ಜಗತ್ತಿಗೆಲ್ಲ ಒಂದೇ ಆದ ಹೊತ್ತು) ಓಡುತ್ತಿದ್ದರೆ ನಮ್ಮ ಬೆಳಗಿನ 5:30ರ ತನಕ ಅದಕ್ಕೆ ಇನ್ನೂ ನಿನ್ನೆಯೇ.

ಇದೇ ಜಾತಿಯ ಇನ್ನೊಂದು ತಪ್ಪು: ಕ್ವೆರಿಸೆಟ್ಟನ್ನೇ ಫೈಲಿನ ತಲೆಯಲ್ಲಿ ಇಟ್ಟುಕೊಳ್ಳೋದು. ಒಮ್ಮೆ ಲೂಪ್ ಹಾಕಿದರೆ ಅದು ಫಲಿತಾಂಶವನ್ನು ತನ್ನೊಳಗೇ ಬಚ್ಚಿಟ್ಟುಕೊಳ್ಳುತ್ತದೆ, ಮುಂದಿನ ಸಲ ಹಳಸಲನ್ನೇ ಬಡಿಸುತ್ತದೆ.

ಕ್ಯೂ ಜೊತೆ ಖಾಲಿ ಕೈಯ ಸಮಸ್ಯೆಯೂ ಇದೆ. ತಾಲೂಕು ಆಯ್ಕೆಯ ಪರದೆಯಲ್ಲಿ ಆಳಂದ, ಅಫಜಲಪುರ, ಸೇಡಂ ಅಂತ ಟಿಕ್ ಹಾಕುವ ಪೆಟ್ಟಿಗೆ ಇಟ್ಟಿದ್ದೆ. ಖಾಲಿ ಕ್ಯೂನಿಂದ ಶುರು ಮಾಡಿ, ಟಿಕ್ ಆದ ಪ್ರತಿ ತಾಲೂಕನ್ನು "|" ಹಾಕಿ ಸೇರಿಸುತ್ತಿದ್ದೆ. ಒಂದೂ ಟಿಕ್ ಇಲ್ಲದಿದ್ದರೆ? ಖಾಲಿ ಕ್ಯೂ ಅಂದರೆ ಷರತ್ತೇ ಇಲ್ಲ, ಎಲ್ಲ ಪಟ್ಟಿಯೂ ಬರುತ್ತದೆ. ಪ್ರಿಂಟರಿನಲ್ಲಿ ಕಾಗದ ಮುಗಿದ ಮೇಲೆ ಗೊತ್ತಾಯಿತು. ಅದೇ "ತಾಲೂಕು__ಇನ್" ಅಂತ ಖಾಲಿ ಲಿಸ್ಟ್ ಕೊಟ್ಟರೆ ಒಂದೂ ಬರುವುದಿಲ್ಲ. ಎರಡರಲ್ಲಿ ನಿಮಗೆ ಯಾವುದು ಬೇಕು ಅಂತ ಮೊದಲೇ ಯೋಚಿಸಿ ಬರೆಯಿರಿ, ಗಾಳಿಗೆ ಬಿಡಬೇಡಿ.

ರೈತರ ಕಡೆಯಿಂದ ಹೊರಟರೆ

"ಈ ಹಂಗಾಮಿನಲ್ಲಿ ತೊಗರಿ ತಂದ ರೈತರು ಯಾರು?" ಇದು ಕಾಕಾ ಸಂಕ್ರಾಂತಿಗೆ ಕೇಳುವ ಪ್ರಶ್ನೆ, ಎಳ್ಳು ಬೆಲ್ಲದ ಪೊಟ್ಟಣ ಎಷ್ಟು ಕಟ್ಟಿಸಬೇಕು ಅಂತ. ರೈತ ಮಾಡೆಲ್ಲಿನಿಂದ ಹೊರಟು ಎರಡು ಫಿಲ್ಟರ್ ಹಚ್ಚಿದೆ: ಒಂದರಲ್ಲಿ ಪಟ್ಟಿಯ ಮಾಲು ತೊಗರಿ, ಇನ್ನೊಂದರಲ್ಲಿ ಪಟ್ಟಿಯ ದಿನಾಂಕ ಈ ಹಂಗಾಮಿನದು. ಬಂದ ಹೆಸರುಗಳಲ್ಲಿ ಹೋದ ವರ್ಷ ತೊಗರಿ ತಂದು ಈ ವರ್ಷ ಬರೀ ಜೋಳ ತಂದವರೂ ಇದ್ದರು.

ಯಾಕೆಂದರೆ ಒಬ್ಬರಿಗೆ ಹಲವು ಪಟ್ಟಿ ಇರುವಾಗ ಬೇರೆ ಬೇರೆ ಫಿಲ್ಟರ್ ಬೇರೆ ಬೇರೆ ಪಟ್ಟಿಯನ್ನು ನೋಡಬಹುದು. ಎರಡೂ ಷರತ್ತನ್ನು ಒಂದೇ ಫಿಲ್ಟರಿನ ಕಂಸದೊಳಗೆ ಬರೆದರೆ ಮಾತ್ರ ಒಂದೇ ಪಟ್ಟಿಯ ಮಾತಾಗುತ್ತದೆ. ಆದರೆ ತುಂಡುಗಳನ್ನು ಬೇರೆ ಬೇರೆ ಮಾಡಿಟ್ಟವರಿಗೆ ಒಂದೇ ಕಂಸ ಕಷ್ಟ, ಅಲ್ವಾ? ಅದಕ್ಕೆ ನಾನು ಎಕ್ಸಿಸ್ಟ್ಸ್ ಬಳಸುತ್ತೇನೆ, "ಇಂಥ ಪಟ್ಟಿ ಒಂದಾದರೂ ಇದೆಯಾ" ಅಂತ ಕೇಳೋದು:

```
ತಂದದ್ದು = (ಪಟ್ಟಿ.ಆಬ್ಜೆಕ್ಟ್ಸ್.ಚಾಲ್ತಿ()
          .ಹಂಗಾಮಿನ(ಈ_ಹಂಗಾಮು)
          .ಫಿಲ್ಟರ್(ಮಾಲು="ತೊಗರಿ", ರೈತ=ಔಟರ್‌ರೆಫ್("ಪಿಕೆ")))
ರೈತ.ಆಬ್ಜೆಕ್ಟ್ಸ್.ಫಿಲ್ಟರ್(ಎಕ್ಸಿಸ್ಟ್ಸ್(ತಂದದ್ದು))
```

ಪಟ್ಟಿಗೆ ಕಲಿಸಿದ ಮಾತುಗಳೇ ಇಲ್ಲೂ ದುಡಿದವು. ಹತ್ತು ಸಲ ಮಾಲು ತಂದವರ ಹೆಸರು ಹತ್ತು ಸಲ ಬರುವ ಕಾಟವೂ ಇಲ್ಲ. ಮಾಲಿನ ಷರತ್ತಿಗೆ ನಾನು ಬೇರೆ ತುಂಡು ಮಾಡಲಿಲ್ಲ ನೋಡಿ. "ಮಾಲು ತೊಗರಿ" ಅನ್ನೋದರಲ್ಲಿ ನಾಳೆ ಬದಲಾಗುವ ನಿಯಮ ಏನೂ ಇಲ್ಲ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಟ್ಯಾಗ್ ಸಿಕ್ಕಿದೆ. ನಾಳೆ ಯಾರಾದರೂ "ಜಿಐ ಮಾಲು ಬೇರೆ ತೋರಿಸು" ಅಂದರೆ, ಅದಕ್ಕೊಂದು ನಿಯಮ ಹುಟ್ಟಿದರೆ, ಆಗ ಮಾಡಿದರಾಯಿತು.

ಡಿಫಾಲ್ಟ್ ಮ್ಯಾನೇಜರಿನಲ್ಲಿ ಬಚ್ಚಿಡಬೇಡಿ

ಚಾಲ್ತಿ ಎಲ್ಲ ಕಡೆ ಬೇಕೇ ಬೇಕು ಅಂತಾದ ಮೇಲೆ ಅದನ್ನು ಆಬ್ಜೆಕ್ಟ್ಸ್ (ಅದೇ ಡಿಫಾಲ್ಟ್ ಮ್ಯಾನೇಜರ್) ಒಳಗೇ ಹಾಕಿಬಿಡೋಣ, ರದ್ದಾದದ್ದು ಕಣ್ಣಿಗೇ ಬೀಳದಿರಲಿ ಅಂತ ಆಸೆ ಆಗುತ್ತದೆ. ನನ್ನ ಮಟ್ಟಿಗೆ ಇದು ಬೇಡ. ರದ್ದಾದ ಪಟ್ಟಿಯ ನಂಬರ್ ಹುಡುಕಿಕೊಂಡು ಆಡಿಟರ್ ಬಂದೇ ಬರುತ್ತಾರೆ. ಆಗ ಅಡ್ಮಿನ್ ಪುಟದಲ್ಲಿ ಅದು ಕಾಣದೆ, ಡೇಟಾ ಕಳೆದುಹೋಯಿತು ಅಂತ ಎದೆ ಒಡೆದುಕೊಳ್ಳಬೇಕು. ಚಾಲ್ತಿ ಬೇಕಾದಲ್ಲಿ ಚಾಲ್ತಿ ಅಂತ ಬರೆಯಿರಿ. ಓದುವವರಿಗೂ ತಿಳಿಯುತ್ತದೆ.

ಚೀಟಿ ಬಿಚ್ಚಿ ನೋಡಿ

ತುಂಡು ಜೋಡಿಸಿ ಕಟ್ಟಿದ ಕ್ವೆರಿ ಕೊನೆಗೆ ಏನಾಯಿತು ಅಂತ ನೋಡುವ ಅಭ್ಯಾಸ ಇರಲಿ. "ಪ್ರಿಂಟ್(ಪಟ್ಟಿಗಳು.ಕ್ವೆರಿ)" ಅಂದರೆ ಎಸ್‌ಕ್ಯೂಎಲ್ ಕಾಣುತ್ತದೆ. ಅದನ್ನು ನೋಡಲು ಮಾತ್ರ ಬಳಸಿ, ಕಾಪಿ ಮಾಡಿ ಓಡಿಸಬೇಡಿ, ಅದರಲ್ಲಿ ಉದ್ಧರಣ ಚಿಹ್ನೆಗಳು ಸರಿ ಇರುವುದಿಲ್ಲ. ".ಎಕ್ಸ್‌ಪ್ಲೇನ್()" ಅಂದರೆ ಡೇಟಾಬೇಸ್ ಯಾವ ದಾರಿ ಹಿಡಿಯುತ್ತದೆ ಅಂತ ಹೇಳುತ್ತದೆ. ಇಡೀ ಟೇಬಲ್ ಓದುತ್ತಿದ್ದರೆ ದಿನಾಂಕಕ್ಕೋ ರೈತರ ಐಡಿಗೋ ಇಂಡೆಕ್ಸ್ ಬೇಕಿರಬಹುದು. ಪಟ್ಟಿಯ ಜೊತೆ ರೈತರ ಹೆಸರೂ ತೋರಿಸುವಾಗ, ಎರಡನ್ನೂ ಒಂದೇ ಕ್ವೆರಿಯಲ್ಲಿ ತರುವ ಸೆಲೆಕ್ಟ್_ರಿಲೇಟೆಡ್ ಮರೆಯಬೇಡಿ. ಮರೆತರೆ 200 ಪಟ್ಟಿಗೆ 201 ಕ್ವೆರಿ ಓಡುತ್ತವೆ.

ಪರೀಕ್ಷೆಗೆ ದೊಡ್ಡ ಡೇಟಾ ಬೇಡ. ನನ್ನದು ಐದೇ ಪಟ್ಟಿ: ಏನೂ ಕೊಡದ್ದು, ಅರ್ಧ ಕೊಟ್ಟದ್ದು, 20,000 ಎರಡು ಸಲ ಕೊಟ್ಟದ್ದು, ಚುಕ್ತಾ ಆದದ್ದು, ರದ್ದಾದದ್ದು. ಮೊದಲ ಮೂರು ಬಾಕಿಯಲ್ಲಿ ಬರಬೇಕು, ಉಳಿಕೆ ಪೈಸೆಗೆ ಪೈಸೆ ಸರಿ ಇರಬೇಕು, ಕೊನೆಯ ಎರಡು ಬರಬಾರದು. ಮೇಲೆ ಹೇಳಿದ ತಪ್ಪುಗಳಲ್ಲಿ ಲೆಕ್ಕಕ್ಕೆ ಸಂಬಂಧಪಟ್ಟವು ಹೆಚ್ಚಿನವು ಇಷ್ಟರಲ್ಲೇ ಸಿಕ್ಕಿಬೀಳುತ್ತವೆ.

ಹಳೆಯದರಿಂದ ಹೊಸದಕ್ಕೆ

ಒಂದೇ ದಿನ ಎಲ್ಲ ಬದಲಿಸಬೇಡಿ. ನಾನು ಒಂದೊಂದೇ ರಿಪೋರ್ಟ್ ತಗೊಂಡೆ. ಒಂದು ವಾರ ಹಳೆಯದೂ ಹೊಸದೂ ಎರಡೂ ಓಡಿಸಿ, ರಾತ್ರಿ ಎರಡರ ಮೊತ್ತ ಹೋಲಿಸಿದೆ. ವ್ಯತ್ಯಾಸ ಬಂದರೆ ಆ ಪಟ್ಟಿಯ ನಂಬರ್ ಬರೆದಿಟ್ಟು ಬೆಳಗ್ಗೆ ಮುನೀಮರಿಗೆ ತೋರಿಸಿದೆ. ಮೂರರಲ್ಲಿ ಎರಡು ಸಲ ಹಳೆಯದೇ ತಪ್ಪಿತ್ತು. ಒಂದು ಸಲ ಮುನೀಮರು ಪಾವತಿಯನ್ನು ಬೇರೆಯವರ ಪಟ್ಟಿಗೆ ಹಚ್ಚಿದ್ದರು. ಅದನ್ನು ಮಾತ್ರ ಕಾಕಾಗೆ ಹೇಳಲಿಲ್ಲ.

ಹಮಾಲಿ ರಿಪೋರ್ಟ್ ಇನ್ನೂ ಹಳೆಯ ದಾರದ ಹೊಲಿಗೆಯಲ್ಲೇ ಇದೆ, 1=1 ಸಮೇತ. ಈಗ ಹಂಗಾಮು ಜೋರು, ಹಮಾಲರಿಗೆ ಪ್ರತಿ ಶನಿವಾರ ದುಡ್ಡು ಹೋಗಬೇಕು. ಯುಗಾದಿ ಮುಗಿಯೋ ತನಕ ನಾನು ಅದನ್ನು ಮುಟ್ಟುವುದಿಲ್ಲ.